ಹದಿನೈದಕ್ಕೆ ಹದಿನೈದು

ನೀವು ಇದನ್ನು ನಂಬುವುದಿಲ್ಲ. ನಾನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳುವುದು ನಮ್ಮೂರಿನ ಪದ್ಧತಿ, ನೀವೂ ಹಾಗೇ ಮಾಡುತ್ತೀರಿ. ಆದರೆ ಈ ಸಲ ಕಳೆಯುವುದಕ್ಕೆ ಏನೂ ಇಲ್ಲ. ಹದಿನಾರನೇ ವಯಸ್ಸಿನಲ್ಲಿ, ಶಿರಸಿಯ ಒಂದು ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿಕೊಂಡೇ ನಾನು ಮೇಷ್ಟರಾಗಿದ್ದೆ. ನನಗೆ ಒಬ್ಬರೇ ವಿದ್ಯಾರ್ಥಿ. ಅವರ ವಯಸ್ಸು ಐವತ್ತರ ಮೇಲೆ. ಅವರಿಗೆ ಸಾಲಾಗಿ ಮೂರು ಪರೀಕ್ಷೆಯಲ್ಲಿ ಹದಿನೈದಕ್ಕೆ ಹದಿನೈದು ಬರುವ ಹಾಗೆ ಕಲಿಸಿದೆ. ಅದರಿಂದಲೇ ಅವರು ಸಾಯುವುದರಲ್ಲಿದ್ದರು.

ಮೊದಲು ನಾನು ಅಲ್ಲಿಗೆ ಹೇಗೆ ಬಂದೆ ಅನ್ನುವುದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿದ್ದಾಪುರದಲ್ಲಿ ಪಿಯುಸಿ ಮೊದಲ ವರ್ಷ. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಎರಡೂ ಕೈ ಎದೆಗೆ ಕಟ್ಟಿಕೊಂಡು ಸೈಕಲ್ ಬಿಡುತ್ತಿದ್ದೆ. ರಸ್ತೆಯ ಎಡಗಡೆ ಟೈಪಿಂಗ್ ಕ್ಲಾಸು, ಕಿಟಕಿಯಲ್ಲಿ ಆರು ಜನ ಹುಡುಗಿಯರು. ಬಲಗಡೆ ಒಂದು ರೋಡ್ ರೋಲರ್. ನಾನು ಎಡಗಡೆ ನೋಡುತ್ತಿದ್ದೆ. ಆ ರೋಲರ್ ಕೆಟ್ಟು ನಾಲ್ಕು ತಿಂಗಳಿಂದ ಅಲ್ಲೇ ನಿಂತಿತ್ತು. ಚಕ್ರದ ಸುತ್ತ ಹುಲ್ಲು ಬೆಳೆದಿತ್ತು, ಸೀಟಿನ ಮೇಲೆ ಯಾರದೋ ಮನೆಯ ಕೋಳಿ ಮೊಟ್ಟೆಯಿಡುತ್ತಿತ್ತು. ಘಟ್ಟದಲ್ಲಿ ಲಾರಿ ಉರುಳಿ ಕಾಲು ಮುರಿದುಕೊಂಡವರಿದ್ದಾರೆ, ಮರದಿಂದ ಬಿದ್ದು ಮುರಿದುಕೊಂಡವರಿದ್ದಾರೆ. ಮೊಟ್ಟೆಯಿಡುವ ರೋಲರಿಗೆ ಗುದ್ದಿ ತೊಡೆಯ ಮೂಳೆ ಮುರಿದುಕೊಂಡವನು ಮೂರು ತಾಲೂಕಿಗೆ ನಾನೊಬ್ಬನೇ. ಟೈಪಿಂಗ್ ಶಬ್ದ ಒಂದು ಗಳಿಗೆ ನಿಂತಿತಂತೆ. ಅಷ್ಟಾದರೂ ಆಯಿತು.

ಶಿರಸಿಗೆ ತಂದು ಮಲಗಿಸಿದರು. ಮೊಣಕಾಲಿನ ಕೆಳಗೆ ಒಂದು ಕಬ್ಬಿಣದ ಸಲಾಕೆ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲಿಂದ ತೂಕ ಇಳಿಬಿಟ್ಟರು. ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಅದು ಹಗಲೂ ರಾತ್ರಿ ನನ್ನ ಕಾಲನ್ನು ಎಳೆಯುತ್ತಿತ್ತು. ಎಂಟು ವಾರ ಅಲುಗಾಡುವ ಹಾಗಿಲ್ಲ ಅಂದರು. ಮೊದಲ ವಾರ ಅಪ್ಪಯ್ಯ ಜೊತೆಗಿದ್ದ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು; ಆಯಿ, ನನ್ನ ಅಮ್ಮ, ಅವಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ಆಮೇಲೆ ಅಪ್ಪಯ್ಯನೂ ವಾರಕ್ಕೊಮ್ಮೆ ಬರತೊಡಗಿದ. ಬಂದು ನನ್ನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಕಾಲಿಗೇ "ಅಡ್ಡಿಲ್ಲೆ" ಅಂದು, ಬಸ್ಸಿಗೆ ಹೊತ್ತಾಯಿತೆಂದು ಹೋಗುತ್ತಿದ್ದ. ಒಮ್ಮೆ ಬೆನ್ನು ಕೆರೆದುಕೊಳ್ಳಲು ಒಂದು ಉದ್ದದ ಬೆತ್ತ ಕೊಟ್ಟು ಹೋದ. ಕಾಲೇಜಿನ ಗೆಳೆಯರು ನಾಲ್ಕು ಜನ ಒಂದು ಸಲ ಬಂದರು. ರೋಲರಿಗೆ ಏನೂ ಆಗಿಲ್ಲ ಅಂತ ಹೇಳಿ ಹೋದರು.

ಅಲ್ಲಿ ಒಬ್ಬ ಹೊಸ ಡಾಕ್ಟರಿದ್ದರು. ದೊಡ್ಡ ಡಾಕ್ಟರು ಬೇರೆ ಇದ್ದುದರಿಂದ ಇವರು ಎಲ್ಲರ ಬಾಯಲ್ಲೂ ಸಣ್ಣ ಡಾಕ್ಟ್ರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ವಾರ್ಡಿಗೆ ಬಂದು, ಗಾಯವಾಗಿ ಬಂದ ಪ್ರತಿಯೊಬ್ಬರ ಮಂಚದ ಬುಡದ ಹಾಳೆಯಲ್ಲಿ ಒಂದು ಅಂಕಿ ಬರೆಯುತ್ತಿದ್ದರು. ನನ್ನ ಹಾಳೆಯಲ್ಲೂ ಬರೆದರು.

"ಎಷ್ಟು ಸಾರ್?"

"ಹದಿನೈದಕ್ಕೆ ಹದಿನೈದು."

ಹದಿನಾರು ವರ್ಷದಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. "ಯಾವ ವಿಷಯದಲ್ಲಿ ಸಾರ್?"

"ಬದುಕಿರೋ ವಿಷಯದಲ್ಲಿ."

ಅವರಿಗೂ ಮಾತಿಗೆ ಜನ ಬೇಕಾಗಿತ್ತೋ ಏನೋ, ನನ್ನ ಮಂಚದ ಅಂಚಿನಲ್ಲಿ ಕೂತು ವಿವರಿಸಿದರು. ತಲೆಗೆ ಪೆಟ್ಟಾದವನ ಎಚ್ಚರ ಅಳೆಯುವುದಕ್ಕೆ ಮೂರು ವಿಷಯ. ಕಣ್ಣಿಗೆ ನಾಲ್ಕು ಅಂಕ: ತಾನಾಗಿ ಬಿಟ್ಟುಕೊಂಡಿದ್ದರೆ ನಾಲ್ಕು, ಕರೆದರೆ ಬಿಟ್ಟರೆ ಮೂರು, ಚಿವುಟಿದರೆ ಬಿಟ್ಟರೆ ಎರಡು. ಮಾತಿಗೆ ಐದು: ತಾನೆಲ್ಲಿದ್ದೇನೆ, ಇವತ್ತು ಯಾವ ವಾರ ಅಂತ ಗೊತ್ತಿದ್ದರೆ ಪೂರ್ತಿ ಐದು, ಏನೇನೋ ಹೇಳಿದರೆ ನಾಲ್ಕು, ಹೀಗೆ ಇಳಿಯುತ್ತದೆ. ಕೈಕಾಲಿಗೆ ಆರು: ಹೇಳಿದ ಹಾಗೆ ಎತ್ತಿ ಇಳಿಸಿದರೆ ಆರಕ್ಕೆ ಆರು. ಏನೂ ಮಾಡದವನಿಗೂ ವಿಷಯಕ್ಕೊಂದರ ಹಾಗೆ ಮೂರು ಅಂಕ ಖಾಯಂ.

"ಅಂದ್ರೆ ಸತ್ತವ್ನಿಗೂ ಮೂರಾ ಸಾರ್?"

"ಮೂರು."

ನಮ್ಮ ಗಣಿತದ ಮೇಷ್ಟರು ನನಗೆ ಎರಡು ಕೊಟ್ಟಿದ್ದರು, ನಾನು ಬದುಕಿದ್ದಾಗಲೇ.

ಇನ್ನೊಂದು ಲೆಕ್ಕವೂ ಇತ್ತು. ಗಾಯಾಳು ಬಾಗಿಲಿಗೆ ಬಂದ ಕೂಡಲೇ ಹಾಕುವ ಲೆಕ್ಕ. ಎಚ್ಚರಕ್ಕೆ ನಾಲ್ಕು, ರಕ್ತದೊತ್ತಡಕ್ಕೆ ನಾಲ್ಕು, ನಿಮಿಷಕ್ಕೆ ಎಷ್ಟು ಉಸಿರು ಅನ್ನುವುದಕ್ಕೆ ನಾಲ್ಕು, ಒಟ್ಟು ಹನ್ನೆರಡು. ಅದಕ್ಕೆ ಗಾಯ ಎಲ್ಲೆಲ್ಲಿ ಎಷ್ಟಾಗಿದೆ, ವಯಸ್ಸು ಐವತ್ತೈದು ದಾಟಿದೆಯೋ ಇಲ್ಲವೋ ಅನ್ನುವುದನ್ನು ಸೇರಿಸಿದರೆ, ಅಂಥವರು ನೂರು ಜನ ಬಂದರೆ ಎಷ್ಟು ಜನ ಉಳಿಯುತ್ತಾರೆ ಅಂತ ಹೇಳಬಹುದಂತೆ. ನನಗೆ ಮೈ ಜುಮ್ಮೆಂದಿತು. ಜಾತಕಕ್ಕಿಂತ ಜೋರು.

"ಹಂಗಾದ್ರೆ ಯಾರು ಸಾಯ್ತ್ರು ಅಂತ ನಿಮಗೆ ಮೊದ್ಲೇ ಗೊತ್ತಾಗ್ತದಾ?"

"ಇಲ್ಲ ಮಾರಾಯಾ. ಅದು ನೂರು ಜನರ ಲೆಕ್ಕ. ಮಂಚದ ಮೇಲೆ ಮಲಗಿದವ್ನು ಒಬ್ಬ. ಆ ಒಬ್ಬ ಯಾವ ಕಡೆ ಅಂತ ಅದು ಹೇಳೂದಿಲ್ಲ."

"ಮತ್ತೆ ದಿನಾ ಎಂತಕ್ಕೆ ಬರೀತ್ರಿ?"

"ನಿನ್ನೆಗಿಂತ ಇವತ್ತು ಇಳೀತಾ ಅಂತ ನೋಡೂಕೆ. ಹದಿನೈದು ಅಂದ್ರೆ ನಂಗೆ ಸಂತೋಷ. ಆದ್ರೆ ನನ್ನ ಕಣ್ಣಿರೂದು ಇಳಿಯೋ ಅಂಕಿ ಮೇಲೆ."

ಆದರೆ ವಾರ್ಡಿನ ಜನಕ್ಕೆ ಅಂಕ ಅಂದರೆ ಒಂದೇ ಅರ್ಥ, ಪರೀಕ್ಷೆ. ನಮ್ಮ ಕಡೆ ಮಕ್ಕಳ ಮಾರ್ಕ್ಸ್ ಕಾರ್ಡನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಒಳಗಿಡುತ್ತಾರೆ. ಆಸ್ಪತ್ರೆಯ ಹಾಳೆಯನ್ನು ಬಿಡುತ್ತಾರೆಯೇ? ವಾನಳ್ಳಿ ಕಡೆಯ ಒಬ್ಬರು ಕಾಳುಮೆಣಸು ಕೊಯ್ಯಲು ಹತ್ತಿದಲ್ಲಿಂದ ಬಿದ್ದು ಬಂದಿದ್ದರು. ಅವರ ಹೆಂಡತಿ ಸಣ್ಣ ಡಾಕ್ಟರ ಬೆನ್ನು ಹತ್ತಿದರು. "ಆಚೆ ಮಂಚದವ್ಕೆ ಹದ್ನಾಲ್ಕು ಕೊಟ್ಟಿದ್ರಿ, ಎಮ್ಮನೆಯವ್ಕೆ ಎಂತಕ್ಕೆ ಹದಿಮೂರೇಯ? ಒಂದು ಹಾಕಿ ಡಾಕ್ಟ್ರೇ, ಪಾಪ, ನಿಮಗೆಂತ ಕಮ್ಮಿ ಆಗ್ತಿಲ್ಲೆ." ಯಲ್ಲಾಪುರ ಘಟ್ಟದಲ್ಲಿ ಲಾರಿ ಉರುಳಿಸಿಕೊಂಡು ಬಂದ ಒಬ್ಬ ಡ್ರೈವರನ ತಮ್ಮ ಮಂಚದ ಹಿಂದೆ ಬಗ್ಗಿ ನಿಂತು ವಾರದ ಹೆಸರನ್ನು ಪಿಸುಗುಡುತ್ತಿದ್ದ. ಡಾಕ್ಟರು "ಕೈ ಎತ್ತಿ" ಅಂದರೆ ಮನೆಯವರೇ ಹಿಡಿದು ಎತ್ತುತ್ತಿದ್ದರು. ಎಷ್ಟೆಂದರೂ ಫೇಲಾದ ಅಂತ ಊರಲ್ಲಿ ಹೇಳುವುದು ಹೇಗೆ?

ಒಂದು ದಿನ ಸಣ್ಣ ಡಾಕ್ಟರು ಕೂಗಿಯೇಬಿಟ್ಟರು. "ಉತ್ತರ ಹೇಳಿಕೊಟ್ರೆ ಪೇಶಂಟು ಸಾಯ್ತ್ರು! ನಾನು ಬರೋ ಹೊತ್ತಿಗೆ ಎಲ್ಲರೂ ಹೊರಗೆ!" ಅಂದಿನಿಂದ ಅವರ ಬೂಟಿನ ಶಬ್ದ ಕೇಳಿದರೆ ಸಾಕು, ಸಿಸ್ಟರ್ ಎಲ್ಲರನ್ನೂ ಹೊರಗೆ ಅಟ್ಟಿ ಬಾಗಿಲು ಹಾಕುತ್ತಿದ್ದರು. ನನ್ನನ್ನು ಅಟ್ಟುವುದು ಹೇಗೆ? ನನ್ನ ಕಾಲಿಗೆ ತೂಕ ಕಟ್ಟಿತ್ತು. ಪರೀಕ್ಷಾ ಕೋಣೆಯೊಳಗೆ ಕಾನೂನುಬದ್ಧವಾಗಿ ಉಳಿದ ಒಬ್ಬನೇ ಕಳ್ಳ ನಾನು.

ವಾನಳ್ಳಿಯವರ ಅಂಕ ಮರುದಿನ ಹತ್ತಕ್ಕೆ ಇಳಿಯಿತು. ತಲೆಯೊಳಗೆ ನೋಡುವ ಯಂತ್ರ ನಮ್ಮಲ್ಲಿರಲಿಲ್ಲ, ಹುಬ್ಬಳ್ಳಿಗೆ ಕಳಿಸಿದರು. ಅವರು ಏನಾದರು ಅಂತ ನನಗೆ ಯಾರೂ ಹೇಳಲಿಲ್ಲ. ಹುಬ್ಬಳ್ಳಿಗೆ ಹೋದವರ ಸುದ್ದಿ ಆ ವಾರ್ಡಿಗೆ ವಾಪಸು ಬರುತ್ತಿರಲಿಲ್ಲ. ನನ್ನ ಪಕ್ಕದ ಆ ಮಂಚ ಎಂಟು ದಿನ ಖಾಲಿ ಬಿದ್ದಿತ್ತು. ಡ್ರೈವರೂ ಮನೆಗೆ ಹೋದ. ಆ ಎಂಟು ದಿನ ಮಾತಾಡಲು ನನಗೆ ಸಿಕ್ಕಿದ್ದು ಒಂದು ಫ್ಯಾನು, ಅದೂ ಕರೆಂಟಿದ್ದಾಗ ಮಾತ್ರ. ಹೊತ್ತು ಹೋಗದೆ ಡಾಕ್ಟರ ಲೆಕ್ಕಕ್ಕೆ ನಾನೊಂದು ನಾಲ್ಕನೇ ವಿಷಯ ಸೇರಿಸಿದೆ: ನೋಡಲು ಬಂದವರು, ಗರಿಷ್ಠ ಅಂಕ ಹತ್ತು. ನನಗೇ ಹಾಕಿ ನೋಡಿಕೊಂಡೆ. ಖಾನಾವಳಿಯಿಂದ ಊಟ ತರುವವನನ್ನು ಸೇರಿಸಿದರೆ ಎರಡು, ಬಿಟ್ಟರೆ ಒಂದು. ಸತ್ತವನಿಗಿಂತ ಕಡಿಮೆ.

ಒಂಬತ್ತನೇ ದಿನ ಆ ಮಂಚಕ್ಕೆ ಕಾಕಾ ಬಂದರು. ನಂಟರಲ್ಲ, ನಾನು ಹಾಗೆ ಕರೆದದ್ದು.

ಬನವಾಸಿ ಕಡೆಯವರು, ಅನಾನಸ್ ಬೆಳೆಗಾರರು. ಹಣ್ಣು ತುಂಬಿದ ಲಾರಿಯ ಜೊತೆ ಹೊರಟವರು ಎಕ್ಕಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಗ್ಗ ಬಿಗಿಯಲು ಮೇಲೆ ಹತ್ತಿ, ಮೇಲಿಂದ ತಲೆಕೆಳಗಾಗಿ ರಸ್ತೆಗೆ ಬಿದ್ದಿದ್ದರು. ಬಂದ ದಿನ ಹದಿಮೂರು. ಮರುದಿನ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಎದ್ದು ಕೂತು ಹದಿನೈದು. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಅಳಿಯ ಎಂಬುವನೊಬ್ಬ ದಿನ ಬಿಟ್ಟು ದಿನ ರೊಟ್ಟಿ ಗಂಟು ತಂದಿಟ್ಟು ಲಾರಿಯ ಹಿಂದೆ ಓಡುತ್ತಿದ್ದ. ಅಂದರೆ ನನ್ನ ನಾಲ್ಕನೇ ವಿಷಯದಲ್ಲಿ ಅವರೂ ನನ್ನ ಬೆಂಚಿನವರೇ.

ಡಾಕ್ಟರು ವಯಸ್ಸು ಕೇಳಿದಾಗಲೇ ನನಗೆ ಕಾಕಾ ಇಷ್ಟವಾದರು.

"ಐವತ್ತು ಬರ್ಕೋರಿ. ಬ್ಯಾಡ, ಅರವತ್ತು ಬರ್ಕೋರಿ. ನಿಮಗ ಯಾವುದು ಚಲೋ ಕಾಣತೈತಿ ಅದನ್ನ ಬರ್ಕೋರಿ."

ಡಾಕ್ಟರು ಐವತ್ತಾರು ಅಂತ ಬರೆದರು. ನಾನು ಪಕ್ಕದಿಂದ, "ಸಾರ್, ಐವತ್ನಾಲ್ಕು ಮಾಡಿ, ಐವತ್ತೈದು ದಾಟಿದ್ರೆ ಲೆಕ್ಕ ಬೇರೆ" ಅಂದೆ. ಕಾಕಾ ನನ್ನ ಕಡೆ ತಿರುಗಿ, "ಯಾರೋ ತಮ್ಮಾ ನೀ, ನನಗ ಎರಡು ವರ್ಷ ಉಳಿಸಿಕೊಟ್ಟಾಂವ?" ಅಂದರು.

ನಾನು ರೋಲರ್ ಕತೆ ಹೇಳಿದೆ. ಅವರಿಗೆ ಹೇಳುವಾಗ ರೋಲರ್ ಸ್ವಲ್ಪ ಚಲಿಸುತ್ತಿತ್ತು.

"ನಿಂತ ರೋಲರಿಗೆ ಹಾಯ್ದಿ ಅಂತ ಸಿಸ್ಟರ್ ಹೇಳಿದ್ರಲ್ಲೋ?"

"ಅವ್ರಿಗೆ ಪೂರ್ತಿ ಗೊತ್ತಿಲ್ಲ ಕಾಕಾ. ಬ್ರೇಕ್ ಇರಲಿಲ್ಲ ಅದಕ್ಕೆ. ಟೈಪಿಂಗ್ ಕ್ಲಾಸಿನ ಮೇಲೆ ಬರ್ತಾ ಇತ್ತು. ನಾನು ಅಡ್ಡ ಹೋದೆ."

"ಹಾಂ. ಆಮ್ಯಾಲೆ?"

ಈ "ಆಮ್ಯಾಲೆ" ಅನ್ನುವ ಮಾತಿನ ಬೆಲೆ ನಿಮಗೆ ಗೊತ್ತಿರಲಿಕ್ಕಿಲ್ಲ. ನನ್ನ ಜೀವನದಲ್ಲಿ ನಾನು ಬಾಯಿ ಬಿಟ್ಟಾಗಲೆಲ್ಲ ಜನ "ಸಾಕು" ಅಂದಿದ್ದಾರೆ. ಮನೆಯಲ್ಲಿ ಸಾಕು, ಶಾಲೆಯಲ್ಲಿ ಸಾಕು, ಬಸ್ಸಿನಲ್ಲಿ ಗುರುತಿಲ್ಲದವರೂ ಸಾಕು ಅಂದಿದ್ದಾರೆ. ಈ ಮನುಷ್ಯ ಒಂದಕ್ಷರ ನಂಬುತ್ತಿರಲಿಲ್ಲ, ಆದರೂ ಆಮ್ಯಾಲೆ ಅನ್ನುತ್ತಿದ್ದರು. ಮೂರು ದಿನದಲ್ಲಿ ರೋಲರುಗಳು ಎರಡಾದವು, ಹುಡುಗಿಯರು ಹದಿನಾಲ್ಕಾದರು, ಕೋಳಿಯನ್ನು ಮೊಟ್ಟೆಯ ಸಮೇತ ರಕ್ಷಿಸಿದ್ದಾಯಿತು. ಅವರು ಹೊಟ್ಟೆ ಹಿಡಿದುಕೊಂಡು, ತಲೆ ನೋಯುತ್ತದೆಂದು ಒಂದು ಕೈ ಪಟ್ಟಿಯ ಮೇಲಿಟ್ಟುಕೊಂಡು ನಗುತ್ತಿದ್ದರು. "ಖರೇ ಹೇಳ್ತೀನಿ ತಮ್ಮಾ, ನಿನಗಿಂತ ಆ ರೋಲರ್ ಶಾಣ್ಯಾ ಐತಿ, ಎಲ್ಲಿ ನಿಂತಿತ್ತೋ ಅಲ್ಲೇ ಐತಿ" ಅನ್ನುತ್ತಿದ್ದರು. ಆ ಮೂರು ದಿನ ನನ್ನ ಕಾಲಿಗೆ ಕಟ್ಟಿದ್ದ ತೂಕ ಎಷ್ಟೆಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅವರು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದುವ ಬದಲು ನೀರಿನ ಲೋಟಕ್ಕೆ ಅದ್ದಿದರು. ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಎತ್ತಿಗೆ ನೀರ ಕುಡಿಸಿದೇನೋ?" ಅಂದರು.

ತಮಾಷೆ ಅಂದುಕೊಂಡು, "ಎರಡು ಬಕೆಟ್ ಕುಡಿಸಿದೆ ಕಾಕಾ, ಒಂದು ಎತ್ತು ಇನ್ನೂ ಬೇಕು ಅಂತು" ಅಂದೆ.

ಅವರು ಆಮ್ಯಾಲೆ ಅನ್ನಲಿಲ್ಲ. ಗೋಡೆ ನೋಡುತ್ತ ಕೂತರು.

ಸಂಜೆ ಸಣ್ಣ ಡಾಕ್ಟರು ಬಂದರು. ಅವರ ಪ್ರಶ್ನೆಗಳು ಮೂರು, ಯಾವತ್ತೂ ಅವೇ, ಅದೇ ಸಾಲಿನಲ್ಲಿ: ಇದು ಯಾವ ಊರು, ಇವತ್ತು ಯಾವ ವಾರ, ಏನಾಗಿ ಇಲ್ಲಿಗೆ ಬಂದ್ರಿ. ಕಾಕಾ ಊರು ಸರಿಯಾಗಿ ಹೇಳಿದರು. ವಾರಕ್ಕೆ ಸೋಮವಾರ ಅಂದರು. ಡಾಕ್ಟರು ಹದಿನಾಲ್ಕು ಬರೆದು, ಪೆನ್ನಿನ ತುದಿಯನ್ನು ಹಾಳೆಯ ಮೇಲೆ ಎರಡು ಸಲ ಕುಟ್ಟಿದರು. "ನಾಳೆ ಇನ್ನೊಂದು ಇಳಿದ್ರೆ ಹುಬ್ಬಳ್ಳಿಗೆ ಕಳಿಸೂದೇ. ಒಳಗೆ ರಕ್ತ ಸೋರ್ತಾ ಇದ್ರೂ ಇರಬಹುದು."

ಅವರು ಹೋದ ಮೇಲೆ ಕಾಕಾನಿಗೆ ಸ್ವಲ್ಪ ತಿಳಿಯಾಯಿತು. "ಹುಬ್ಬಳ್ಳಿ ಬ್ಯಾಡೋ ತಮ್ಮಾ. ಅಲ್ಲಿ ನನ್ನ ಗುರುತು ಯಾರಿಗೈತಿ? ನೀ ಶಾಣ್ಯಾ ಅದಿ, ಏನರ ಮಾಡು."

ನನ್ನನ್ನು ಯಾರಾದರೂ ಶಾಣ್ಯಾ ಅಂದರೆ ನಾನು ಏನು ಬೇಕಾದರೂ ಮಾಡುತ್ತೇನೆ. ಆದರೆ ನಾನು ಮಾಡಿದ್ದು ಅವರಿಗಾಗಿ ಅಂತ ಇಲ್ಲಿ ಬರೆದರೆ ಅದು ದೊಡ್ಡ ಸುಳ್ಳಾಗುತ್ತದೆ. ನನಗೆ ಆ ಖಾಲಿ ಮಂಚದ ಎಂಟು ದಿನ ನೆನಪಿತ್ತು. ಎಂಟು ವಾರದಲ್ಲಿ ಇನ್ನೂ ಐದು ಉಳಿದಿತ್ತು. ಅವರು ಉಳಿಯಬೇಕಾಗಿತ್ತು, ಅಷ್ಟೇ. ಉಳಿಯುವುದು ಅಂದರೆ ಬದುಕಿ ಉಳಿಯುವುದಲ್ಲ, ಆ ಮಂಚದ ಮೇಲೆ ಉಳಿಯುವುದು.

ಶುಕ್ರವಾರ ಬೆಳಗಿನ ಚಹಾ ಆದ ಕೂಡಲೇ ಟ್ಯೂಷನ್ ಶುರು ಮಾಡಿದೆ. ಮಗ್ಗಿ ಒಪ್ಪಿಸುವ ಧಾಟಿಯಲ್ಲಿ: "ಸಿರ್ಸಿ, ಶುಕ್ರವಾರ, ಲಾರಿಂದ ಬಿದ್ದೆ." ಕಾಕಾ ಕಣ್ಣು ಮುಚ್ಚಿಕೊಂಡೇ ಹೇಳಿದರು. ಹತ್ತು ಸಲ, ಇಪ್ಪತ್ತು ಸಲ. ಡಾಕ್ಟರ ಬೂಟು ಮೆಟ್ಟಿಲ ಬಳಿ ಕಿರುಗುಟ್ಟುತ್ತಲೇ ಬೆತ್ತ ಚಾಚಿ ಅವರ ಭುಜಕ್ಕೆ ತಿವಿದೆ. ಕಣ್ಣು ಬಿಟ್ಟುಕೊಂಡೇ ಇದ್ದಾರೆ ಅಂತ ನಾಲ್ಕು ಅಂಕ. ಸಿರ್ಸಿ. ಶುಕ್ರವಾರ. ಲಾರಿಂದ ಬಿದ್ದೆ. ಐದು. ಕೈ ಎತ್ತಿ ಅಂದರೆ ಎತ್ತಿದರು, ಆರು.

"ಅಡ್ಡಿಲ್ಲ ಇವ್ರು!" ಅಂತ ಡಾಕ್ಟರು ಹದಿನೈದು ಬರೆದರು. ನನ್ನ ವಿದ್ಯಾರ್ಥಿ ಇಡೀ ವಾರ್ಡಿಗೆ ಫಸ್ಟ್. ನನಗೆ ಕುಣಿಯಬೇಕು ಅನ್ನಿಸಿತು, ತೂಕ ಬಿಡಲಿಲ್ಲ.

ಸಂಜೆಯೂ ಹದಿನೈದು. ಆದರೆ ಸಂಜೆಯ ಹೊತ್ತಿಗೆ ಪಾಠದ ನಡುವೆಯೇ ಅವರಿಗೆ ನಿದ್ದೆ ಬರುತ್ತಿತ್ತು, ಬೆತ್ತದಿಂದ ಮೂರು ಸಲ ತಿವಿಯಬೇಕಾಯಿತು. ಹಾಲಿನ ಲೋಟ ಬಲಗೈಯಿಂದ ಜಾರಿ ಬಿತ್ತು. ಸಿಸ್ಟರ್ ಕೇಳಿದಾಗ, "ನಾನು ನಗಿಸಿದೆ, ಅದ್ಕೇ ಬಿತ್ತು" ಅಂದೆ. ನಾನು ನಗಿಸಿರಲಿಲ್ಲ. ಇಡೀ ದಿನ ನಾನು ಅವರಿಗೆ ಒಂದು ಕತೆಯನ್ನೂ ಹೇಳಿರಲಿಲ್ಲ. ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮಾತಾಡಲು ಒಬ್ಬರು ಬೇಕು ಅಂತ ಅವರನ್ನು ಉಳಿಸಿಕೊಂಡೆ; ಉಳಿದದ್ದು ಮೂರು ಉತ್ತರ ಮಾತ್ರ. ಅದು ನನಗೆ ಗೊತ್ತಾಗುತ್ತಿತ್ತು. ಗೊತ್ತಾಗಿಯೂ, ನಾಳೆ ಸರಿಹೋಗುತ್ತದೆ ಅಂತ ನನಗೆ ನಾನೇ ಒಂದು ಕತೆ ಹೇಳಿಕೊಂಡೆ. ಆ ಕತೆಗೂ ಆಮ್ಯಾಲೆ ಅನ್ನುವವರಿರಲಿಲ್ಲ.

ಶನಿವಾರ ಬೆಳಿಗ್ಗೆ ಕಷ್ಟವಾಯಿತು. ಶುಕ್ರವಾರವನ್ನು ಅವರ ಬಾಯಿಂದ ತೆಗೆದು ಶನಿವಾರವನ್ನು ಹಾಕುವುದಕ್ಕೆ ಒಂದು ಗಂಟೆ ಬೇಕಾಯಿತು. "ಶನಿವಾರ ಕಾಕಾ, ಶನಿವಾರ." "ಶುಕ್ಕರವಾರ." "ಅಲ್ಲ ಕಾಕಾ, ಶನಿ." ನನಗೆ ಅಳು ಬರುವಂತಾಯಿತು, ಬೇರೆಯವರ ಮುಂದೆ ಅಳುವ ಅಭ್ಯಾಸ ನನಗಿಲ್ಲ, ಆದರೆ ಅವರು ನೋಡುತ್ತಲೂ ಇರಲಿಲ್ಲ. ಕೊನೆಗೂ ಬಂತು. ಬೂಟಿನ ಶಬ್ದವೂ ಬಂತು. ತಿವಿದೆ. ಕಣ್ಣು ಬಿಟ್ಟರು. ಹದಿನೈದಕ್ಕೆ ಹದಿನೈದು.

ಸಣ್ಣ ಡಾಕ್ಟರ ಹೆಗಲಲ್ಲಿ ಆವತ್ತು ಊರಿಗೆ ಹೋಗುವ ಚೀಲವಿತ್ತು, ನೋಡಿದ್ದೂ ಅವಸರದಲ್ಲೇ. "ಸತತ ಹದಿನೈದು. ಬಚಾವು. ನಾನು ಸೋಮವಾರ ಬರ್ತೆ. ಬಂದವ್ನೇ ಇವ್ರನ್ನ ಮನೆಗೆ ಕಳಿಸುವಾ" ಅಂದರು.

ಮನೆಗೆ! ನಾನು ಅವರನ್ನು ಎಷ್ಟು ಚೆನ್ನಾಗಿ ಪಾಸು ಮಾಡಿಸಿದ್ದೆನೆಂದರೆ ಶಾಲೆಯನ್ನೇ ಬಿಟ್ಟು ಹೋಗುವ ಹಾಗೆ ಮಾಡಿಸಿದ್ದೆ. ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಡಾಕ್ಟರು ಆಗಲೇ ಬಾಗಿಲು ದಾಟಿದ್ದರು. ಸೋಮವಾರದವರೆಗೆ ಇನ್ನು ಆ ಹಾಳೆಯಲ್ಲಿ ಅಂಕಿ ಬರೆಯುವವರು ಯಾರೂ ಇರಲಿಲ್ಲ.

ಆ ತೆರೆದ ಬಾಗಿಲಿನಿಂದ ಆಯಿ ಒಳಗೆ ಬಂದಳು.

ಅತ್ತೆ ಬಂದು ಅಜ್ಜಿಯ ಹತ್ತಿರ ಉಳಿದಿದ್ದಳಂತೆ, ಅದಕ್ಕೇ ಬರಲು ಆಯಿತಂತೆ. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಕಾಗದದಷ್ಟು ತೆಳುವಾದ ಬೆಲ್ಲದ ಸಿಹಿ, ತೊಡೆದೇವು. ನನ್ನ ಕಾಲು ನೋಡಲಿಲ್ಲ, ಮುಖ ನೋಡಿದಳು. "ಎಂತದಾ ಮಾಣಿ, ಮೈಯೆಲ್ಲ ಇಳಿದುಹೋಯ್ದಲಾ" ಅಂದು ಹಣೆ ಮುಟ್ಟಿದಳು. ಮೂರು ವಾರದಲ್ಲಿ ಜ್ವರ ನೋಡುವುದಕ್ಕಲ್ಲದೆ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಪಕ್ಕದ ಮಂಚದವರನ್ನು ಮಾತಾಡಿಸದೆ ಕೂರುವುದು ಅವಳಿಗೆ ಗೊತ್ತಿಲ್ಲ. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಿರುಗಿದಳು.

"ಆರಾಮಿದ್ರಾ? ತಿಂಡಿ ಆಯ್ತಾ?"

ಕಾಕಾ ಕಣ್ಣು ಅರ್ಧ ಬಿಟ್ಟು, "ಸಿರ್ಸಿ" ಅಂದರು.

"ಊರು ಕೇಳಿದ್ದಲ್ಲ. ತಿಂಡಿ ತಿಂದ್ರಾ ಕೇಳಿದ್ದು."

"ಶನಿವಾರ."

ಆಯಿ ನಗಲಿಲ್ಲ. ಹತ್ತಿರ ಹೋಗಿ ಬಗ್ಗಿ, ಮೆಲ್ಲಗೆ, "ನಿಮ್ಮ ಸಂಗ್ತಿಗೆ ಯಾರೂ ಇಲ್ವಾ?" ಅಂತ ಕೇಳಿದಳು.

"ಲಾರಿಂದ ಬಿದ್ದೆ" ಅಂದರು ಕಾಕಾ. ಹೇಳಿ, ಕತ್ತನ್ನು ನಿಧಾನಕ್ಕೆ ನನ್ನ ಕಡೆ ಹೊರಳಿಸಿದರು. ಸರಿಯಾಯಿತಾ ಅಂತ ಕೇಳುವ ಹಾಗೆ.

ಆಯಿ ಅವರನ್ನು ನೋಡಿದಳು, ನನ್ನ ಕೈಯಲ್ಲಿದ್ದ ಬೆತ್ತವನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಹುಟ್ಟಿದಾಗಿನಿಂದ ಅವಳು ನನ್ನ ಸುಳ್ಳುಗಳನ್ನು ಓದುತ್ತ ಬಂದವಳು, ಅವಳಿಗೆ ಹಾಳೆ ಬೇಕಾಗುವುದಿಲ್ಲ.

"ಇವ್ಕೆ ಇದನ್ನ ಕಲಿಸಿದ್ದು ಯಾರಾ?"

"ಆನು."

"ಎಂತಕ್ಕೆ?"

ಬೇರೆ ದಿನವಾಗಿದ್ದರೆ ನನ್ನ ಹತ್ತಿರ ನಲವತ್ತು ಕಾರಣ ಇರುತ್ತಿತ್ತು. "ಅಂಕ ಇಳಿದ್ರೆ ಹುಬ್ಬಳ್ಳಿಗೆ ಕರ್ಕಂಡು ಹೋಗ್ತ, ಆಯೀ. ಮತ್ತೆ ಇಲ್ಲಿ ಯಾರೂ ಇರ್ತ್ವಿಲ್ಲೆ."

ಅವಳು ಬಯ್ಯಲಿಲ್ಲ. ಓಡಿದಳು. ಆಯಿ ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸೆರಗು ಬಾಗಿಲಿನ ಚಿಲಕಕ್ಕೆ ಸಿಕ್ಕಿಕೊಂಡಿತು, ಎಳೆದುಕೊಂಡು ಹೋದಳು. ಮೆಟ್ಟಿಲಿನ ಕಡೆಯಿಂದ ಅವಳ ಕೂಗು ಕೇಳಿತು: "ಡಾಕ್ಟ್ರೇ, ನಿಲ್ಲಿ! ಹೋಗಡಿ, ನಿಲ್ಲಿ!"

ಸಣ್ಣ ಡಾಕ್ಟರು ಚೀಲದ ಸಮೇತ ವಾಪಸು ಬಂದರು. ಈ ಸಲ ಬೇರೆ ಪ್ರಶ್ನೆ ಕೇಳಿದರು. "ನಿಮ್ಮ ಮಗಳ ಊರು ಯಾವುದು?" ಕಾಕಾ "ಸಿರ್ಸಿ" ಅಂದರು. "ನಿಮ್ಮ ಹೊಲದಲ್ಲಿ ಏನು ಬೆಳೀತ್ರಿ?" "ಶನಿವಾರ." ಬ್ಯಾಟರಿ ಹಾಕಿ ಕಣ್ಣು ನೋಡಿದರು. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತಂತೆ. ಎರಡೂ ಕೈಯಿಂದ ತಮ್ಮ ಬೆರಳು ಹಿಡಿಯಲು ಹೇಳಿದರು, ಬಲಗೈ ಹಿಡಿಯಲಿಲ್ಲ. ಚೀಲ ಕೆಳಗಿಟ್ಟು, ಹಾಳೆ ತೆಗೆದುಕೊಂಡು, ಮೂರು ಹದಿನೈದುಗಳನ್ನೂ ಒಂದೊಂದಾಗಿ ಹೊಡೆದುಹಾಕಿದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ, ಬೈದಿದ್ದರೆ, ಸ್ವಲ್ಪ ಚೆನ್ನಾಗಿತ್ತು.

"ಈಗಲೇ ವ್ಯಾನ್ ತರ್ಸಿ," ಅಂತ ಸಿಸ್ಟರಿಗೆ ಹೇಳಿದರು. "ನಾನೂ ಹೋಗ್ತೆ. ಇವ್ರ ಕಡೆಯವ್ರು ಯಾರು? ಅಲ್ಲಿ ಆಪರೇಷನ್ನಿಗೆ ಓಡಾಡೂಕೆ, ಕೂತ್ಕಳೂಕೆ ಒಬ್ರು ಬೇಕು."

ಅಳಿಯ ಬರುವ ದಿನ ಅದಾಗಿರಲಿಲ್ಲ. ಅವನ ಲಾರಿ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಸಿಸ್ಟರ್ ಬಾಗಿಲ ಕಡೆ ನೋಡಿದರು. ಡಾಕ್ಟರು ಗಡಿಯಾರ ನೋಡಿದರು.

"ಆನು ಹೋಗ್ತೆ," ಅಂದಳು ಆಯಿ.

ಅವಳು ಬಂದು ಕಾಲು ಗಂಟೆಯೂ ಆಗಿರಲಿಲ್ಲ. ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳು ಇನ್ನೂ ಕೂತೇ ಇರಲಿಲ್ಲ. ಕಾಕಾನನ್ನು ಸ್ಟ್ರೆಚರಿಗೆ ಎತ್ತುವಾಗ ಅವಳು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಮಗುವನ್ನು ಎಣ್ಣೆ ಹಚ್ಚಿ ಮೀಯಿಸುವಾಗ ಹಿಡಿಯುವ ಹಾಗೆ. ಇನ್ನೊಂದು ದಿನ ತಡವಾಗಿದ್ದರೆ ತರುವುದೇ ಬೇಡವಾಗಿತ್ತು ಅಂತ ಹುಬ್ಬಳ್ಳಿಯ ಡಾಕ್ಟರು ಆಮೇಲೆ ಅವಳ ಹತ್ತಿರ ಹೇಳಿದರಂತೆ. ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ. ನನಗೆ ಕಂಡದ್ದು ಬಾಗಿಲಿನಲ್ಲಿ ಆಯಿಯ ಬೆನ್ನು. ಸ್ಟ್ರೆಚರ್ ತಿರುಗಿಸಲು ಜಾಗ ಸಾಲದೆ ಅವಳು ಒಂದು ಗಳಿಗೆ ನಿಂತಳು.

"ಆಯೀ," ಅಂದೆ.

"ಸುಮ್ನಿರು," ಅಂದಳು, ತಿರುಗದೆ. "ಅವ್ಕೆ ಗದ್ದಲ ಬ್ಯಾಡ."

ನಾನು ಸುಮ್ಮನಾದೆ. ವ್ಯಾನಿನ ಬಾಗಿಲು ಹಾಕಿದ್ದು ಕೇಳಿತು, ಅದು ಹುಬ್ಬಳ್ಳಿ ರಸ್ತೆಗೆ ತಿರುಗಿದ್ದೂ ಕೇಳಿತು. ತೊಡೆದೇವಿನ ಡಬ್ಬಿ ಕಿಟಕಿಯ ಮೇಲೆಯೇ ಇತ್ತು.